ಪಟ್ಟಿಯಲ್ಲಿ ಪಕ್ಕದ ಮನೆ ಟಿವಿ
ಕಂಪ್ಯೂಟರಿನ ಬ್ಲೂಟೂತ್ ಪಟ್ಟಿಯಲ್ಲಿ ಯಾರದೋ ಟಿವಿ, ಯಾರದೋ ಇಯರ್‌ಬಡ್ ಕಂಡರೆ ಗಾಬರಿ ಬೇಡ. ಬ್ಲೂಟೂತ್ ಸುಮಾರು 10 ಮೀಟರ್ ದೂರ ಹೋಗುತ್ತದೆ. ಅಪಾರ್ಟ್‌ಮೆಂಟಿನಲ್ಲಂತೂ ಪಕ್ಕದವರ ಒಗ್ಗರಣೆ ಘಮದಂತೆ ಗೋಡೆ ದಾಟಿ ಬಂದೇ ಬರುತ್ತದೆ. ಕಂಡ ಮಾತ್ರಕ್ಕೆ ನಿಮ್ಮ ಕಂಪ್ಯೂಟರಿಗೆ ಸೇರಿಕೊಂಡಂತಲ್ಲ. ನೀವು ಕೇಳದೆಯೇ ‘ಪೇರ್ ಮಾಡಲೇ?’ ಎಂದು ಬಂದರೆ ಒಪ್ಪಬೇಡಿ, ಅಷ್ಟೆ.

ನಿಜವಾಗಿ ನೋಡಬೇಕಾದ್ದು ರೂಟರಿನ ಪಟ್ಟಿ. ನಿಮ್ಮ ವೈಫೈ ಯಾರು ಬಳಸುತ್ತಿದ್ದಾರೆಂಬುದು ಅಲ್ಲಿರುತ್ತದೆ. ‘ಎಸ್ಪ್ರೆಸಿಫ್’ ಎಂದಿದ್ದರೆ ಬಹುಶಃ ನಿಮ್ಮದೇ ಸ್ಮಾರ್ಟ್ ಬಲ್ಬು. ಅದು ಒಳಗಿನ ಚಿಪ್ ತಯಾರಕರ ಹೆಸರು. ಆಂಡ್ರಾಯ್ಡ್ 10ರಿಂದೀಚೆಗೆ ಫೋನುಗಳು ವೈಫೈಗೆ ತಮ್ಮ ಅಸಲಿ ವಿಳಾಸದ ಬದಲು ಬೇರೊಂದನ್ನು ತೋರಿಸುವುದರಿಂದ ಮಗಳ ಫೋನೂ ಅಪರಿಚಿತವಾಗಿ ಕಾಣಬಹುದು. ಮನೆಯ ಸಾಧನಗಳನ್ನು ಒಂದೊಂದೇ ಆಫ್ ಮಾಡಿ ನೋಡಿ. ಆಮೇಲೂ ಏನಾದರೂ ಉಳಿದರೆ ವೈಫೈ ಪಾಸ್‌ವರ್ಡ್ ಬದಲಿಸಿ. ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿಕೊಂಡವರು ಯಾವುದಕ್ಕೂ ಕಾಯದೆ ಇವತ್ತೇ ಬದಲಿಸಿ.