ಮಾಸ್ಕ್ ಹಾಕಿಕೊಂಡೇ ಮೈದಾನಕ್ಕಿಳಿಯಿರಿ: ನಂಬಿಕೆ ಗಟ್ಟಿಯಾಗಲು 7 ಸೂತ್ರಗಳು

ವಯಸ್ಸು ಇಪ್ಪತ್ತು. ಕಾಲೇಜ್ ಟೀಮಿನ ಸ್ಟಾರ್. 2014ರ ಒಂದೇ ಸೀಸನ್‌ನಲ್ಲಿ ಚೆಂಡು ಹಿಡಿದು ಓಡಿ ಗಳಿಸಿದ್ದು 26 ಟಚ್‌ಡೌನ್. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಆಟಗಾರ ಜೇಮ್ಸ್ ಕಾನರ್ ಅವರಿಗೆ ಎಲ್ಲವೂ ಅಂದುಕೊಂಡ ಹಾಗೇ ನಡೆಯುತ್ತಿತ್ತು. 2015ರ ಸೆಪ್ಟೆಂಬರ್‌ನಲ್ಲಿ, ಸೀಸನ್‌ನ ಮೊದಲ ಪಂದ್ಯದಲ್ಲೇ ಮೊಣಕಾಲಿನ ಲಿಗಮೆಂಟ್ ಹರಿಯಿತು. ನವೆಂಬರ್ ಕೊನೆಗೆ, ಅಮೆರಿಕದವರು ಥ್ಯಾಂಕ್ಸ್‌ಗಿವಿಂಗ್ ಆಚರಿಸುವ ಹೊತ್ತಿಗೆ, ಇನ್ನೊಂದು ರಿಪೋರ್ಟ್ ಬಂತು: ಹಾಡ್ಜ್‌ಕಿನ್ ಲಿಂಫೋಮಾ. ದುಗ್ಧರಸ ಗ್ರಂಥಿಗಳ ಕ್ಯಾನ್ಸರ್. 2016ರ ಮೇ ತಿಂಗಳಲ್ಲಿ ಅವರು ಕ್ಯಾನ್ಸರ್ ಮುಕ್ತ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮತ್ತೆ ಮೈದಾನದಲ್ಲಿ.

ಕಾನರ್ ಕ್ರೈಸ್ತರು. ಕಾಯಿಲೆಯ ಸುದ್ದಿ ಹೇಳಿದ ದಿನದಿಂದಲೇ ದೇವರ ಮೇಲಿನ ಭರವಸೆಯನ್ನು ಬಹಿರಂಗವಾಗಿ ಹೇಳಿಕೊಂಡವರು. ಇಂಥ ಕತೆಗೆ 'ಪವಾಡ' ಅಂತ ಹೆಸರಿಟ್ಟು, ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಿ, 'ಆಮೆನ್' ಟೈಪ್ ಮಾಡಿ ಮರೆತುಬಿಡುವುದು ಸುಲಭ. ಹಾಗೆ ಮಾಡಬೇಡಿ. ಕತೆಯನ್ನು ಬಿಚ್ಚಿ ನೋಡಿ. ಒಳಗಿರುವುದು ಕೆಲವು ಅಭ್ಯಾಸಗಳು. ಅವನ್ನು ನೀವೂ ಕಲಿಯಬಹುದು.

1. ಮೊದಲು ಡಾಕ್ಟರಿಗೆ ತೋರಿಸಿ.

ಕಾನರ್ ಅವರ ಮೊಣಕಾಲು ಸುಧಾರಿಸುತ್ತಿತ್ತು, ಮೈ ಮಾತ್ರ ಸೋಲುತ್ತಿತ್ತು. ಸುಸ್ತು, ರಾತ್ರಿ ವಿಪರೀತ ಬೆವರು, ಊದಿಕೊಂಡ ಮುಖ. ಈ ರೋಗ ಹೆಚ್ಚಾಗಿ ಕಾಣಿಸಿಕೊಳ್ಳುವ ಒಂದು ಘಟ್ಟವೇ ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಆಸುಪಾಸು. ಕುತ್ತಿಗೆಯಲ್ಲೋ ಕಂಕುಳಲ್ಲೋ ನೋವಿಲ್ಲದ ಗಂಟು, ಕಾರಣವಿಲ್ಲದೆ ಇಳಿಯುವ ತೂಕ, ಬಿಟ್ಟೂ ಬಿಟ್ಟೂ ಬರುವ ಜ್ವರ ಕಂಡರೆ 'ಎಕ್ಸಾಮ್ ಟೆನ್ಷನ್' ಅಂತ ತಳ್ಳಿಹಾಕಬೇಡಿ. 'ದೇವರಿದ್ದಾನೆ, ಏನೂ ಆಗಲ್ಲ' ಅನ್ನುವುದು ಎಷ್ಟೋ ಸಲ ಹೆದರಿಕೆಯೇ ಭಕ್ತಿಯ ವೇಷ ಹಾಕಿಕೊಂಡು ಆಡುವ ಮಾತು.

2. ಹೆದರಿಕೆಯನ್ನು ಬಾಯಿಬಿಟ್ಟು ಹೇಳಿ.

2015ರ ಡಿಸೆಂಬರ್ 4ರಂದು ಕಾನರ್ ಸುದ್ದಿಯನ್ನು ಜನರ ಮುಂದಿಟ್ಟರು. ಹೆದರಿದ್ದನ್ನು ಮೊದಲು ಒಪ್ಪಿಕೊಂಡರು. ಆಮೇಲೆ, ಹೆದರುವುದೂ ಬಿಡುವುದೂ ತನ್ನ ಆಯ್ಕೆ ಅಂದರು. 2020ರಲ್ಲಿ ಬಂದ ಅವರ ಪುಸ್ತಕದ ಹೆಸರೂ ಅದೇ, 'ಫಿಯರ್ ಈಸ್ ಎ ಚಾಯ್ಸ್'. ಈ ಕ್ರಮ ಗಮನಿಸಿ: ಒಪ್ಪಿಗೆ ಮೊದಲು, ಆಯ್ಕೆ ಆಮೇಲೆ. ಗೆತ್ಸೆಮನೆ ತೋಟದಲ್ಲಿ ಯೇಸುವೂ ಈ ಪಾತ್ರೆ ತನ್ನಿಂದ ದಾಟಿಹೋಗಲಿ ಎಂದೇ ಪ್ರಾರ್ಥನೆ ಶುರುಮಾಡಿದ್ದು. ಕೀರ್ತನೆಗಳ ಪುಸ್ತಕದಲ್ಲಿ ಗೋಳಾಟದ ಹಾಡುಗಳಿಗೆ ಲೆಕ್ಕವಿಲ್ಲ. ನೀವೂ ಗೋಳಾಡಿ, ಆದರೆ ಟೈಮ್ ಫಿಕ್ಸ್ ಮಾಡಿ. ದಿನಕ್ಕೆ ಹತ್ತು ನಿಮಿಷ, ನೋಟ್‌ಬುಕ್‌ನಲ್ಲಿ. ರಾತ್ರಿ ಎರಡು ಗಂಟೆಗೆ ರೋಗದ ಹೆಸರು ಗೂಗಲ್ ಮಾಡುವ ಚಟವನ್ನು ಇವತ್ತೇ ಬಿಡಿ.

3. ಪ್ರಾರ್ಥನೆಗೂ ಕೀಮೊಗೂ ಒಂದೇ ಕ್ಯಾಲೆಂಡರ್ ಇಡಿ.

ಎಲ್ಲಕ್ಕಿಂತ ಮುಖ್ಯ ಸೂತ್ರ ಇದು. ಕಾನರ್ ಎರಡು ವಾರಕ್ಕೊಂದರಂತೆ 12 ಕೀಮೊ ಮುಗಿಸಿದರು. ಹನ್ನೆರಡು ಸಲವೂ ಅದೇ ಕುರ್ಚಿ, ಅದೇ ಸೂಜಿ, ಅದೇ ವಾಕರಿಕೆ. ನಂಬಿಕೆ ಉಕ್ಕುವುದು ಮೊದಲ ದಿನ. ಅದರ ಪರೀಕ್ಷೆ ಏಳನೆಯ ಸಲ, ವಾಸನೆಗೇ ಹೊಟ್ಟೆ ತೊಳಸುವಾಗ. ಆ ದಿನ ಮೂಡ್ ನೋಡಬೇಡಿ. ಕ್ಯಾಲೆಂಡರ್ ನೋಡಿ. ಹಾಜರಾಗಿ.

ಡಾಕ್ಟರನ್ನೂ ದೇವರನ್ನೂ ಎದುರಾಳಿ ಟೀಮ್ ಮಾಡಬೇಡಿ. ಹೊಸ ಒಡಂಬಡಿಕೆಯಲ್ಲಿ ಪೌಲನ ಜೊತೆಗಾರ ಲೂಕ ವೈದ್ಯ. 1832ರಲ್ಲಿ ಈ ರೋಗವನ್ನು ವಿವರಿಸಿದ ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್ ಕ್ವೇಕರ್ ಪಂಥದ ಶ್ರದ್ಧಾವಂತ. ನಮ್ಮ ಊರುಗಳಿಂದ ಇಂದಿಗೂ ರೋಗಿಗಳು ರೈಲು ಹತ್ತಿ ಹೋಗುವ ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆ, ಮಿಷನರಿ ಮನೆತನದ ಐಡಾ ಸ್ಕಡರ್ 1900ರಲ್ಲಿ ಒಂದೇ ಒಂದು ಹಾಸಿಗೆಯಿಂದ ಶುರುಮಾಡಿದ್ದು. ಇನ್ನೊಂದು ಸಂಗತಿ ನನಗೆ ಬಲು ಇಷ್ಟ. ಈ ಕ್ಯಾನ್ಸರಿಗೆ ಬಹುಕಾಲದಿಂದ ಕೊಡುತ್ತಿರುವ ನಾಲ್ಕು ಔಷಧಿಗಳ ಗುಂಪಿನಲ್ಲಿ ವಿನ್‌ಬ್ಲಾಸ್ಟಿನ್ ಒಂದು. ಅದು 1958ರಲ್ಲಿ ಕೆನಡಾದ ಪ್ರಯೋಗಾಲಯದಲ್ಲಿ ಸಿಕ್ಕಿತು. ಸಿಕ್ಕಿದ್ದು ಯಾವ ಗಿಡದಲ್ಲಿ? ನಮ್ಮ ಅಂಗಳದಲ್ಲಿ ಯಾರೂ ನೀರು ಹಾಕದಿದ್ದರೂ ಹೂ ಬಿಡುವ ನಿತ್ಯಪುಷ್ಪದಲ್ಲಿ. ಡ್ರಿಪ್ ಹನಿಯುವಾಗ ದೇವರೆಲ್ಲಿ ಎಂದು ಕೇಳುವವರು ಆ ಗಿಡವನ್ನೊಮ್ಮೆ ನೋಡಿ ಬನ್ನಿ.

ಎರಡು ನಿಯಮ ಬರೆದಿಟ್ಟುಕೊಳ್ಳಿ. ಕೀಮೊ ನಡೆಯುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ, ಹೊರಡಿ. ಪ್ರಾರ್ಥನೆ ಗಾಡಿಯಲ್ಲಿ ಮಾಡಬಹುದು. ಇನ್ನು ಉಪವಾಸ ಪ್ರಾರ್ಥನೆ: ನೀವು ಊಟ ಮಾಡಿ. ನಿಮ್ಮ ಪರವಾಗಿ ಸಭೆಯವರು ಉಪವಾಸ ಇರಲಿ.

4. ಕೇಳಲು ನಾಚಬೇಡಿ.

ಕೆಲವು ಕೀಮೊ ಔಷಧಿಗಳು ಮುಂದೆ ಮಕ್ಕಳಾಗುವ ಶಕ್ತಿಯನ್ನು ಕುಗ್ಗಿಸಬಹುದು. ವೀರ್ಯವನ್ನೋ ಅಂಡಾಣುವನ್ನೋ ಮೊದಲೇ ಕಾಯ್ದಿರಿಸುವ ಮಾತನ್ನು ಚಿಕಿತ್ಸೆ ಶುರುವಾಗುವ ಮುಂಚೆಯೇ ಎತ್ತಿ. ಅಪ್ಪ, ಅಮ್ಮ ಪಕ್ಕದಲ್ಲಿದ್ದಾರೆ ಎಂಬ ಮುಜುಗರವೇ? ಐದು ನಿಮಿಷ ಹೊರಗೆ ಕೂತಿರಲು ಹೇಳಿ. ನಾಳೆ ಇದೆ ಎಂದು ನಂಬುವವರು ನಾಳೆಯ ವ್ಯವಸ್ಥೆ ಮಾಡಿಕೊಳ್ಳುತ್ತಾರೆ.

5. ನಾಲ್ಕು ಜನರನ್ನು ನೇಮಿಸಿಕೊಳ್ಳಿ.

ಮಾರ್ಕನ ಸುವಾರ್ತೆಯಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಒಳಗೆ ಜಾಗವಿಲ್ಲವೆಂದು ಚಾವಣಿ ಕಿತ್ತು, ಹಾಸಿಗೆ ಸಮೇತ ಇಳಿಸುತ್ತಾರೆ. ಅಲ್ಲಿ ಯೇಸು ನೋಡುವುದು 'ಅವರ' ನಂಬಿಕೆಯನ್ನು. ಬಹುವಚನ! ನಿಮ್ಮ ನಂಬಿಕೆ ಕುಸಿದ ದಿನ ಗೆಳೆಯರ ನಂಬಿಕೆಯ ಮೇಲೆ ಮಲಗಿ. ಅದು ಸಾಲವಲ್ಲ. ಕೆಲಸ ಹಂಚಿ: ಒಬ್ಬರು ಗಾಡಿಗೆ, ಒಬ್ಬರು ಫೈಲ್ ಮತ್ತು ಬಿಲ್ಲಿಗೆ, ಒಬ್ಬರು ಗಂಜಿಗೆ, ಇನ್ನೊಬ್ಬರು ಬುದ್ಧಿಮಾತು ಹೇಳದೆ ಸುಮ್ಮನೆ ಪಕ್ಕದಲ್ಲಿ ಕೂರುವುದಕ್ಕೆ. ಈ ನಾಲ್ಕನೆಯವರೇ ಸಿಗುವುದು ಕಷ್ಟ. 'ಗುಪ್ತವಾದ ಪಾಪ ಏನಾದರೂ ಇದೆಯಾ, ನೋಡಿಕೋ' ಅನ್ನುವವರು ಬಂದರೆ ಟೀ ಕೊಟ್ಟು ಕಳಿಸಿ.

6. ಮಾಸ್ಕ್ ಹಾಕಿಕೊಂಡೇ ಪ್ರಾಕ್ಟೀಸ್‌ಗೆ ಹೋಗಿ.

ಕೀಮೊ ಬಿಳಿ ರಕ್ತಕಣಗಳನ್ನು ಇಳಿಸುತ್ತದೆ, ಸೋಂಕು ಬೇಗ ತಗಲುತ್ತದೆ. ಕಾನರ್ ಆ ಚಳಿಗಾಲದಲ್ಲೂ ವಸಂತದಲ್ಲೂ ಸರ್ಜಿಕಲ್ ಮಾಸ್ಕ್ ತೊಟ್ಟು ಟೀಮಿನ ಜೊತೆ ಬೆವರು ಸುರಿಸಿದರು. ಅವರ ಶಕ್ತಿ ನಿಮಗಿರಬೇಕಿಲ್ಲ. ಡಾಕ್ಟರ್ ಒಪ್ಪಿದಷ್ಟು ಮಾಡಿ. ಎರಡು ಪುಟ ಓದಿ. ಕಾರಿಡಾರ್‌ನಲ್ಲಿ ಹತ್ತು ಹೆಜ್ಜೆ ನಡೆಯಿರಿ. ಆಫೀಸಿಗೆ ಒಂದು ಮೇಲ್ ಕಳಿಸಿ. ಸಂದೇಹ ಖಾಲಿ ಮಧ್ಯಾಹ್ನಗಳಲ್ಲೇ ದಪ್ಪವಾಗುವುದು, ಅದಕ್ಕೆ ಕೂರಲು ಜಾಗ ಬಿಡಬೇಡಿ.

7. ಸಾಕ್ಷಿ ಹೇಳುವಾಗ ಲೆಕ್ಕ ಸರಿಯಾಗಿರಲಿ.

ವಾಸಿಯಾದ ಮೇಲೆ ಚರ್ಚಿನಲ್ಲಿ ಮೈಕ್ ಕೈಗೆ ಬರುತ್ತದೆ. ಪೂರ್ತಿ ಹೇಳಿ: ಔಷಧಿ, ನರ್ಸ್, ಖರ್ಚು, ಅತ್ತ ರಾತ್ರಿಗಳು, ಕೃಪೆ. ಹಾಡ್ಜ್‌ಕಿನ್ ಲಿಂಫೋಮಾ ಚೆನ್ನಾಗಿ ವಾಸಿಯಾಗುವ ಕ್ಯಾನ್ಸರ್‌ಗಳಲ್ಲಿ ಒಂದು ಎಂಬುದನ್ನೂ ಹೇಳಿ. ಕೊನೆಯ ಬೆಂಚಿನಲ್ಲಿ ಮಗಳನ್ನು ಕಳೆದುಕೊಂಡ ತಾಯಿ ಕೂತಿರಬಹುದು, ಅವರ ಪ್ರಾರ್ಥನೆ ನಿಮ್ಮದಕ್ಕಿಂತ ಕಡಿಮೆ ಇರಲಿಲ್ಲ. ತನ್ನ ಮೈಯಲ್ಲಿ ನಾಟಿದ್ದ ಮುಳ್ಳು ತೆಗೆಯೆಂದು ಪೌಲನೂ ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ಪೌಲನ ನಂಬಿಕೆಯೂ ಹೋಗಲಿಲ್ಲ.

ಮೈಕ್ ಕೊಟ್ಟು ಕೆಳಗಿಳಿದ ಕೂಡಲೇ ಮುಂದಿನ ಫಾಲೋ-ಅಪ್ ಡೇಟ್ ನೋಡಿ. ಚೆಕಪ್ ತಪ್ಪಿಸಬೇಡಿ. ಪ್ರತಿ ಸ್ಕ್ಯಾನ್‌ನ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ, ಅದು ಎಲ್ಲರಿಗೂ ಅಷ್ಟೆ. ಎರಡನೆಯ ಸೂತ್ರಕ್ಕೆ ವಾಪಸ್ ಹೋಗಿ.

ಕಾನರ್ ವಿಷಯ ಪೂರ್ತಿ ಮಾಡುತ್ತೇನೆ. 2017ರ ಏಪ್ರಿಲ್‌ನಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಳ್ಳುವಾಗ 104 ಹೆಸರು ಮುಗಿದ ಮೇಲೆ ಅವರ ಹೆಸರು ಬಂತು. ಕರೆದದ್ದು ಅದೇ ಊರಿನ ಪಿಟ್ಸ್‌ಬರ್ಗ್ ಸ್ಟೀಲರ್ಸ್. ಆ ತಂಡದ ತರಬೇತಿ ಕೇಂದ್ರವೂ ಅವರ ವಿಶ್ವವಿದ್ಯಾಲಯದ್ದೂ ಒಂದೇ ಸಂಕೀರ್ಣದಲ್ಲಿವೆ. ಕೆಲಸಕ್ಕೆ ಸೇರಿದ ದಿನ ಅವರು ಮಾಸ್ಕ್ ಇಲ್ಲದೆ ಅದೇ ಜಾಗಕ್ಕೆ ಹೋದರು.