ಹಳೆಯ ಸ್ಪೋರ್ಟ್ಸ್ ಕಾರಿಗೆ ಸ್ಟ್ರಟ್ ಬ್ರೇಸ್



ನನ್ನ 1972ರ ಡಾಟ್ಸನ್ 240-ಝಡ್ ಕಾರಿಗೆ ಈಚೆಗೆ ಸ್ಟ್ರಟ್ ಬ್ರೇಸ್ ಹಾಕಿದೆ. ವೇಗವಾಗಿ ತಿರುಗುವಾಗ ಹೊರಗಿನ ಚಕ್ರದ ಮೇಲೆ ಭಾರ ಬಿದ್ದು, ಬಾನೆಟ್ ಕೆಳಗಿನ ಸ್ಟ್ರಟ್ ಗೋಪುರಗಳು ತುಸು ಬಾಗುತ್ತವೆ. ಎರಡನ್ನೂ ಅಡ್ಡತೊಲೆಯಂತೆ ಬಿಗಿಹಿಡಿಯುವ ಲೋಹದ ಸರಳೇ ಬ್ರೇಸ್.

ಮೊದಲು ಗೋಪುರಗಳಿಗೆ ತುಕ್ಕು ಹಿಡಿದಿದೆಯೇ ನೋಡಿ. ತುಕ್ಕು ತಿಂದ ತಗಡಿಗೆ ಬ್ರೇಸ್ ಹಾಕಿ ಪ್ರಯೋಜನವಿಲ್ಲ. ಕಾರು ಸಮತಟ್ಟಾದ ನೆಲದಲ್ಲಿ ನಾಲ್ಕೂ ಚಕ್ರಗಳ ಮೇಲೆ ನಿಂತಿರಲಿ, ಜ್ಯಾಕ್ ಬೇಡ. ಒಂದೊಂದೇ ಕಡೆ, ಅಂಚಿನ ಮೂರು ನಟ್ ಮಾತ್ರ ಬಿಚ್ಚಿ. ನಡುವಿನ ನಟ್ ಮುಟ್ಟಲೇಬೇಡಿ! ಅದುಮಿಟ್ಟ ಸ್ಪ್ರಿಂಗನ್ನು ಹಿಡಿದಿರುವುದು ಅದೇ. ಸಿಡಿದರೆ ಪ್ರಾಣಕ್ಕೇ ಅಪಾಯ. ಬ್ರೇಸ್ ಸರಿಯಾಗಿ ಕೂರದಿದ್ದರೆ ಎಳೆದು ಕೂರಿಸದೆ ಉದ್ದ ಹೊಂದಿಸಿ. ನಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಟಾರ್ಕ್ ವ್ರೆಂಚ್‌ನಿಂದ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿಮಾಡಿ. ಬಾನೆಟ್ಟಿಗೆ ಸರಳು ತಾಗದಂತಿರಲಿ.

ಮಕ್ಕಳಿಗೂ ತೋರಿಸಿ, ಬಲವಿಜ್ಞಾನದ ಒಳ್ಳೆಯ ಪಾಠವಿದು.