ಉಕ್ಕಿಗೊಂದು ಗಟ್ಟಿ ಹೊರಮೈ

ಕಮ್ಮಾರರು ಕುಡುಗೋಲನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ನೀರಿನಲ್ಲಿ ಅದ್ದುವುದನ್ನು ನೀವು ನೋಡಿರಬಹುದು. 'ಚುಂಯ್' ಎಂದು ಸದ್ದಾಗುತ್ತದೆ. ಅಲಗು ಗಟ್ಟಿಯಾಗುತ್ತದೆ. ಹೀಗೇಕೆ?

ಕಬ್ಬಿಣಕ್ಕೆ ಸ್ವಲ್ಪ ಇಂಗಾಲ ಸೇರಿದರೆ ಉಕ್ಕು. ಉಕ್ಕು ಚೆನ್ನಾಗಿ ಕಾದಾಗ ಇಂಗಾಲದ ಪರಮಾಣುಗಳು ಕಬ್ಬಿಣದ ಪರಮಾಣುಗಳ ನಡುವೆ ಸೇರಿಕೊಳ್ಳುತ್ತವೆ. ನಿಧಾನವಾಗಿ ತಣಿದರೆ ಅವು ಅಲ್ಲಿಂದ ಹೊರಬರುತ್ತವೆ, ಉಕ್ಕು ಮೆದುವಾಗಿರುತ್ತದೆ. ಥಟ್ಟನೆ ತಣಿಸಿದರೆ ಹೊರಬರಲು ಸಮಯವಿಲ್ಲದೆ ಅಲ್ಲೇ ಸಿಕ್ಕಿಕೊಳ್ಳುತ್ತವೆ, ಉಕ್ಕು ಗಟ್ಟಿಯಾಗುತ್ತದೆ. ಆದರೆ ಪೆಡಸೂ ಆಗುತ್ತದೆ, ಅಂದರೆ ಜೋರಾಗಿ ಪೆಟ್ಟು ಬಿದ್ದರೆ ಮುರಿಯುತ್ತದೆ.

ಈಗ ಲಾರಿಯ ಗೇರಿನ ಹಲ್ಲುಚಕ್ರವನ್ನು ಗಮನಿಸಿ. ಅದರ ಹಲ್ಲುಗಳು ಸದಾ ಇನ್ನೊಂದು ಚಕ್ರದ ಹಲ್ಲುಗಳಿಗೆ ಉಜ್ಜುತ್ತಿರುತ್ತವೆ. ಮೆದುವಾಗಿದ್ದರೆ ಬೇಗ ಸವೆಯುತ್ತವೆ. ಒಳಗೂ ಹೊರಗೂ ಗಟ್ಟಿಯಾಗಿದ್ದರೆ, ಭಾರ ಹೊತ್ತ ಲಾರಿ ಘಾಟಿ ಹತ್ತುವಾಗ ಮುರಿದೇ ಹೋಗಬಹುದು! ಆದ್ದರಿಂದ ಹೊರಮೈ ಗಟ್ಟಿ, ಒಳಭಾಗ ಪೆಟ್ಟು ತಾಳುವಂತೆ ಇರಬೇಕು.

ಇದಕ್ಕೆ ಶೇಕಡಾ 0.2ರಷ್ಟು ಮಾತ್ರ ಇಂಗಾಲವಿರುವ ಉಕ್ಕಿನಿಂದ ಚಕ್ರ ಮಾಡುತ್ತಾರೆ. ಇಂಗಾಲವುಳ್ಳ ಅನಿಲ ತುಂಬಿದ ಕುಲುಮೆಯಲ್ಲಿ ಅದನ್ನು ಕಾಯಿಸುತ್ತಾರೆ. ಇಂಗಾಲ ಹೊರಮೈಗೆ ಇಳಿದು ಅಲ್ಲಿ ಶೇಕಡಾ 0.8ರಷ್ಟಾಗುತ್ತದೆ. ಬಳಿಕ ಥಟ್ಟನೆ ತಣಿಸಿದರೆ ಹೊರಮೈ ಬಹಳ ಗಟ್ಟಿಯಾಗುತ್ತದೆ. ಇಂಗಾಲ ಕಡಿಮೆಯಿರುವ ಒಳಭಾಗ ಅಷ್ಟು ಗಟ್ಟಿಯಾಗುವುದಿಲ್ಲ.

ಇಲ್ಲಿ ಮೂರು ಸಂಗತಿಗಳು ಮುಖ್ಯ.

1. ಉಷ್ಣತೆ: ಸುಮಾರು 925 ಡಿಗ್ರಿ ಸೆಲ್ಸಿಯಸ್. ಬಹಳ ಕಡಿಮೆಯಾದರೆ ಇಂಗಾಲ ಒಳಗಿಳಿಯದು. ಅತಿಯಾದರೆ ಉಕ್ಕಿನ ಒಳಗಿನ ಕಣಗಳು ದಪ್ಪವಾಗಿ ಅದು ಬಿರುಕು ಬಿಡಬಹುದು.

2. ಸಮಯ: ಈ ಉಷ್ಣತೆಯಲ್ಲಿ ಒಂದು ಗಂಟೆಗೆ ಸುಮಾರು 0.6 ಮಿಲಿಮೀಟರ್ ಆಳಕ್ಕೆ ಇಂಗಾಲ ಇಳಿಯುತ್ತದೆ. 1.2 ಮಿಲಿಮೀಟರಿಗೆ ಎರಡು ಗಂಟೆ ಸಾಲದು, ನಾಲ್ಕು ಗಂಟೆ ಬೇಕು! ಆಳಕ್ಕೆ ಹೋದಂತೆ ಇಂಗಾಲದ ಪಯಣ ನಿಧಾನವಾಗುತ್ತದೆ.

3. ತಣಿಸುವ ವೇಗ: ನೀರು ಬಹು ಬೇಗ ತಣಿಸುತ್ತದೆ, ಆಗ ಚಕ್ರ ಸೊಟ್ಟಗಾಗಬಹುದು, ಸೀಳಬಹುದು. ಗಾಳಿ ತೀರಾ ನಿಧಾನ. ಆದ್ದರಿಂದ ಹಲ್ಲುಚಕ್ರಗಳನ್ನು ಹೆಚ್ಚಾಗಿ ಎಣ್ಣೆಯಲ್ಲಿ ಅದ್ದುತ್ತಾರೆ.

ಕೊನೆಗೆ 150ರಿಂದ 200 ಡಿಗ್ರಿಯವರೆಗೆ ಮತ್ತೆ ಹದವಾಗಿ ಬಿಸಿ ಮಾಡುತ್ತಾರೆ. ಗಟ್ಟಿತನ ಹೆಚ್ಚು ಕುಂದದೆ ಪೆಡಸುತನ ಕಡಿಮೆಯಾಗುತ್ತದೆ.

ಉಕ್ಕು ಒಂದೇ. ಎಷ್ಟು ಕಾಯಿಸಿದೆವು, ಎಷ್ಟು ಹೊತ್ತು ಕಾಯಿಸಿದೆವು, ಹೇಗೆ ತಣಿಸಿದೆವು ಎಂಬುದರ ಮೇಲೆ ಅದರ ಗುಣ ನಿಂತಿದೆ.

ಲೆಕ್ಕ ಹಾಕಿ: ಆಳ ಎರಡು ಪಟ್ಟಾದರೆ ಸಮಯ 2 × 2 = 4 ಪಟ್ಟು. ಹಾಗಾದರೆ 1.8 ಮಿಲಿಮೀಟರ್ ಆಳಕ್ಕೆ ಎಷ್ಟು ಗಂಟೆ ಬೇಕು?

(ಉತ್ತರ: ಸುಮಾರು 9 ಗಂಟೆ)